ಹಿಟ್ಟಿನಲ್ಲಿ ಬರೆದ ಗಾಳಿ

ಕಾರವಾರ
ಬಡಗಾಳಿ ತಿಂಗಳ ನಲವತ್ತೊಂದನೇ ದಿನ, ೨೪೭೧

ಇನ್ನೂ ಸೀಮೆಎಣ್ಣೆ ಸುಟ್ಟುಕೊಂಡು ಹಾರುತ್ತಿರುವ ನನ್ನ ಹಿರಿಯರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ತಿಂಗಳುಗಳು ಮೂವತ್ತಕ್ಕೋ ಮೂವತ್ತೊಂದಕ್ಕೋ ಮುಗಿಯುವುದಿಲ್ಲ, ಗಾಳಿ ತಿರುಗಿದಾಗ ಮುಗಿಯುತ್ತವೆ. ಬಡಗಣ ಗಾಳಿ ಈ ಸಲ ಸುಮ್ಮನೆ ಎದ್ದು ಹೋಗದ ನೆಂಟನಂತೆ ಕೂತುಬಿಟ್ಟಿದೆ, ಅದಕ್ಕೇ ನಲವತ್ತೊಂದು. ಪದಗಳು ವಿಚಿತ್ರ ಎನಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ಕಾಲೇಜಿನಲ್ಲಿ ಐಚ್ಛಿಕವಾಗಿ ಓದಿದವನು ನಾನು. ಹಾಗಾಗಿ ನನ್ನ ತಪ್ಪುಗಳೂ ಐಚ್ಛಿಕವೇ.

ನಮ್ಮಲ್ಲಿ ಸಮುದ್ರದ ನಡುವೆ ಲಂಗರು ಹಾಕಿ ನಿಂತ ಊರುಗಳಿವೆ. ಅವಕ್ಕೆ ತೇಲೂರು ಎನ್ನುತ್ತೇವೆ. ಅಲ್ಲೂ ಅಂಗಡಿ, ಶಾಲೆ, ಪಕ್ಕದ ಮನೆಯವರ ಮೇಲೆ ಕಣ್ಣಿಡುವ ಅಜ್ಜಿಯರು ಎಲ್ಲ ಇದ್ದಾರೆ, ಸೂಲಗಿತ್ತಿ ಮಾತ್ರ ಇಲ್ಲ. ಕಾರವಾರದಿಂದ ಅಲ್ಲಿಗೆ ಹಾರುಬಂಡಿ ಹೋಗುತ್ತದೆ. ಬೆಳಕು ತಿಂದು, ಸದ್ದಿಲ್ಲದೆ, ಎಂಟು ಹತ್ತು ಜನರನ್ನು ಹೊತ್ತು ಸಾಗುವ ಪುಟ್ಟ ವಿಮಾನ ಅದು. ದಾರಿ ಹೇಳಲು ದಿಕ್ಕುದನಿ ಇದೆ. ಆಕಾಶದಲ್ಲಿ ಸುತ್ತುವ ಯಂತ್ರಗಳ ಮಾತು ಕೇಳಿ ಬಂಡಿಯೊಳಗೆ ಇಂಪಾಗಿ ಉಲಿಯುವ ಹೆಣ್ಣುದನಿ ಅದು. ಎಷ್ಟು ಇಂಪು ಎಂದರೆ ಕೇಳುತ್ತ ಕೇಳುತ್ತ ನಮ್ಮ ಜನ ದಿಕ್ಕು ಎಂಬುದನ್ನೇ ಮರೆತರು.

ಮರೆಯಬಾರದೆಂದು ಹಿಂದಿನವರು ಒಂದು ಪದ್ಧತಿ ಇಟ್ಟಿದ್ದರು. ಬಂಡಿ ಹತ್ತುವ ಬಾಗಿಲಿನಲ್ಲಿ ದಿನಾ ಬೆಳಿಗ್ಗೆ ಹಿಟ್ಟಿನಲ್ಲಿ ಮೂಗೆರೆ ಬಿಡಬೇಕು. ಮೂಗೆರೆ ಎಂದರೆ ಮೂರು ಗೆರೆ: ಗಾಳಿ ಎತ್ತ ಎಷ್ಟು ತಳ್ಳುತ್ತದೆ ಎಂಬುದಕ್ಕೊಂದು, ಹೋಗಬೇಕಾದ ದಾರಿಗೊಂದು, ಆ ದಾರಿ ತಪ್ಪದಿರಲು ಬಂಡಿಯ ಮೂಗು ಎತ್ತ ತಿರುಗಿರಬೇಕು ಎಂಬುದಕ್ಕೊಂದು. ಮೂರೂ ಸೇರಿದರೆ ತ್ರಿಕೋನ. ನಿಮ್ಮ ಪೈಲಟ್‌ಗಳು ಇದನ್ನೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದರಂತೆ. ಆದರೆ ನಮ್ಮವರ ಕೈಗೆ ಹಿಟ್ಟು ಸಿಕ್ಕರೆ ಸುಮ್ಮನಿರುತ್ತಾರೆಯೇ? ಮೊದಲು ಮೂಲೆಗೊಂದು ಹೂ ಬಂತು, ಆಮೇಲೆ ನಡುವೆ ನವಿಲು, ಆಮೇಲೆ ಬಣ್ಣ, ಆಮೇಲೆ ಸ್ಪರ್ಧೆ, ಬಹುಮಾನ. ಸೊಟ್ಟ ತ್ರಿಕೋನಕ್ಕೆ ಯಾರು ಬಹುಮಾನ ಕೊಡುತ್ತಾರೆ? ಮೂರೂ ಬದಿ ಸಮ ಆದವು. ಹಾಗೆಂದರೆ ಗಾಳಿಯ ವೇಗವೂ ಬಂಡಿಯ ವೇಗವೂ ಒಂದೇ ಎಂದರ್ಥ. ಅಂಥ ಗಾಳಿ ಬೀಸಿದ ದಿನ ಬಂಡಿ ಹಾರಿಸುವ ಶ್ರಮ ಬೇಕಿಲ್ಲ, ಇಡೀ ಕಾರವಾರವೇ ಹಾರಿರುತ್ತದೆ.

ಹಲವು ವರ್ಷಗಳ ಹಿಂದಿನ ಮಾತು. ತೇಲೂರಿನಲ್ಲಿದ್ದ ನನ್ನ ಮಗಳು ಸುಗಂಧಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಮಗು ಅಡ್ಡ ತಿರುಗಿದೆ ಎಂದು ಸುದ್ದಿ ಬಂತು. ಸೂಲಗಿತ್ತಿ ಶೇವಂತಿಬಾಯಿಯನ್ನು ಕರೆದುಕೊಂಡು ನಾನು ಬಂಡಿ ಹತ್ತಿದೆ. ನಡೆಸುವವಳು ನನ್ನ ಅಕ್ಕ ವಾರಿಜ. ಜೊತೆಗೆ, ತಂಗಿಯ ಮನೆಗೆ ಅಕ್ಕಿಹಿಟ್ಟಿನ ಮೂಟೆ ಹೊತ್ತು ಹೊರಟಿದ್ದ ಗೋಯ್ದಣ್ಣ. ಬಾಗಿಲಲ್ಲಿ ಅಂದಿನ ಮೂಗೆರೆ ಬಹಳ ಚೆನ್ನಾಗಿತ್ತು. ನವಿಲಿಗೆ ಕಣ್ಣು ಕೂಡ ಇತ್ತು.

ಕಡಲ ದಡ ಬಿಟ್ಟು ದೀಪಸ್ತಂಭದ ಬಂಡೆಯ ಮೇಲೆ ಬಂದಾಗ ಸೂರ್ಯ ಸೀನಿದ. ಸೂರ್ಯನ ಮೈಯಿಂದ ಬಿರುಗಾಳಿಯಂಥದ್ದು ಎದ್ದು ಆಕಾಶದ ಯಂತ್ರಗಳ ಬಾಯಿ ಕಟ್ಟಿಹೋಗುವುದಕ್ಕೆ ನಾವು ಹಾಗೆನ್ನುತ್ತೇವೆ. ದಿಕ್ಕುದನಿ ಅರ್ಧ ಮಾತಿಗೇ ನಿಂತಿತು. ಮುಂದೆ ಬರೀ ನೀರು.

"ವಾರಿಜಾ, ತಿರುಗಿಸು ಮಾರಾಯ್ತಿ, ಮನೆಗೆ ಹೋಗುವ," ಎಂದ ಗೋಯ್ದಣ್ಣ.

ಅಕ್ಕ ಅವನನ್ನು ನೋಡಲಿಲ್ಲ, ಸೂಲಗಿತ್ತಿಯನ್ನು ನೋಡಿದಳು. "ಬಾಯಿ, ನಾಳೆ ಹೋದರೆ ಆದೀತಾ?"

"ನಾಳೆ ಹೋದರೆ ನಾನು ಎಂತಕ್ಕೆ? ಅಳುವವರು ಅಲ್ಲೇ ಇದ್ದಾರಲ್ಲ," ಎಂದರು ಶೇವಂತಿಬಾಯಿ.

ಅಕ್ಕ ನನ್ನ ಕೈಗೆ ಹಿಡಿಕೆ ಕೊಟ್ಟಳು. "ತಮ್ಮಾ, ಬಂಡೆ ಎಡಗಡೆ ಕಿಟಕಿಯಿಂದ ಜಾರದ ಹಾಗೆ ಸುತ್ತು ಹಾಕುತ್ತಿರು. ಜೋಕು ಆಮೇಲೆ." ಗೋಯ್ದಣ್ಣನ ಮೂಟೆ ಬಿಚ್ಚಿ ಕಾಲಡಿಯ ನೆಲದಲ್ಲಿ ಕೂತಳು.

"ಬಾಗಿಲಲ್ಲಿ ನೋಡಿದ್ದನ್ನೇ ಬರೆದರಾಯಿತಲ್ಲ," ಎಂದೆ.

"ಅದರಂತೆ ಹೋದರೆ ಗುಜರಾತಿನಲ್ಲಿ ಊಟ. ನವಿಲಿಗೆ ಕಣ್ಣಿತ್ತು, ಬರೆದವರಿಗೆ ಇರಲಿಲ್ಲ."

ದೀಪಸ್ತಂಭಕ್ಕೆ ಒಂದು ಚುಕ್ಕೆ ಇಟ್ಟಳು. ಅಲ್ಲಿಂದ ಪಶ್ಚಿಮಕ್ಕೆ, ತೇಲೂರಿನತ್ತ, ಉದ್ದದ ದಾರಿಗೆರೆ. ಹೊರಡುವಾಗ ಕಂಬದ ಮೇಲಿನ ಗಾಳಿ ಅಳೆಯುವ ಬಟ್ಟಲುಗಳನ್ನು ನೋಡಿದ್ದಳು: ನಮ್ಮ ವೇಗದ ಕಾಲು ಭಾಗ. ಕೆಳಗೆ ನೊರೆ ಉತ್ತರದಿಂದ ದಕ್ಷಿಣಕ್ಕೆ ಗೀಟು ಗೀಟಾಗಿ ಹರಿಯುತ್ತಿತ್ತು. ಚುಕ್ಕೆಯಿಂದ ದಕ್ಷಿಣಕ್ಕೆ ಒಂದು ಗೇಣು ಗಾಳಿಗೆರೆ. ಶೇವಂತಿಬಾಯಿಯ ಮುಡಿಯಲ್ಲಿದ್ದ ಅಬ್ಬಲಿಗೆ ಹೂವಿನ ದಂಡೆಯ ದಾರ ಬಿಚ್ಚಿ, ನಾಲ್ಕು ಗೇಣು ಅಳೆದು, ಗಾಳಿಗೆರೆಯ ತುದಿಯಲ್ಲಿ ಬೆರಳೊತ್ತಿ ದಾರವನ್ನು ಕಮಾನಿನಂತೆ ಬೀಸಿದಳು. ಅದು ದಾರಿಗೆರೆಯನ್ನು ಮುಟ್ಟಿದ ಕಡೆ ಇನ್ನೊಂದು ಚುಕ್ಕೆ. ದಾರ ಬಿದ್ದ ಜಾಗವೇ ಮೂಗುಗೆರೆ. ಬಂಡಿಯ ದಿಕ್ಸೂಚಿಯ ಮುಖದ ಮೇಲಿನ ಗೀಟುಗಳನ್ನೇ ಕೋನಮಾಪಕ ಮಾಡಿಕೊಂಡು ಓದಿದಳು: ದಾರಿಯಿಂದ ಬಲಕ್ಕೆ ಹದಿನಾಲ್ಕೂವರೆ ಡಿಗ್ರಿ. ಒಂದು ಡಿಗ್ರಿ ತಪ್ಪಿದರೆ ಅರವತ್ತು ಮೈಲಿಗೆ ಒಂದು ಮೈಲಿ ಪಕ್ಕಕ್ಕೆ ಹೋಗುತ್ತೇವೆ, ತೇಲೂರಿನ ಉದ್ದವೇ ಒಂದು ಮೈಲಿ. ಕೋನ ತಪ್ಪಿದರೆ ಕೋಣನಂತೆ ನೀರಿಗಿಳಿಯಬೇಕು ಎಂದು ಹೇಳಲು ಬಾಯಿ ತೆರೆದೆ. ಅಕ್ಕನ ಮುಖ ನೋಡಿ ಮುಚ್ಚಿದೆ.

ಅಕ್ಕ ಹಿಡಿಕೆ ಮರಳಿ ಹಿಡಿದಳು. ಬಂಡೆಯ ನೇರಕ್ಕೆ ಬಂದು ಮೂಗು ತಿರುಗಿಸಿ ಹೊರಟೆವು. ಹಿರಿಯರೇ, ಅದನ್ನು ಹೇಗೆ ಹೇಳಲಿ? ಮೂಗಿನ ಎದುರು ಖಾಲಿ ಸಮುದ್ರ, ಬಂಡಿ ಮಾತ್ರ ಏಡಿಯಂತೆ ಓರೆಯಾಗಿ ಇನ್ನೆತ್ತಲೋ ಸರಿಯುತ್ತಿತ್ತು. ಕಣ್ಣು ಅಲ್ಲ ಎನ್ನುತ್ತಿತ್ತು, ಹಿಟ್ಟು ಹೌದು ಎನ್ನುತ್ತಿತ್ತು. ಗೋಯ್ದಣ್ಣ ಎಡಕ್ಕೆ ತಿರುಗಿಸು ಎಂದು ಗೋಗರೆದ. ನನಗೂ ಹಾಗೇ ಅನಿಸಿತು. ಅಕ್ಕ ಕದಲಲಿಲ್ಲ. ನಾನು ನೆಲ ನೋಡುತ್ತ ಕೂತೆ. ನನ್ನ ಚಪ್ಪಲಿಯ ಪಕ್ಕದಲ್ಲಿ, ಹೂದಾರದಿಂದ ಹುಟ್ಟಿದ ಆ ಪುಟ್ಟ ತ್ರಿಕೋನ; ಹೊರಗೆ, ಯಾರೂ ಕಾಣದ, ಕಡಲಗಲದ ಇನ್ನೊಂದು ತ್ರಿಕೋನ. ಎರಡಕ್ಕೂ ಅದೇ ಕೋನಗಳು. ಗೇಣಿನಲ್ಲಿ ನಿಜವಾದದ್ದು ಮೈಲಿಗಳಲ್ಲೂ ನಿಜವಾಗಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ ಎಂಬುದು ಆಗ ನನ್ನ ಮೈಗೆ ತಿಳಿಯಿತು. ಪರೀಕ್ಷೆಗೆಂದು ಸಮರೂಪ ತ್ರಿಕೋನಗಳನ್ನು ಬಾಯಿಪಾಠ ಮಾಡಿದ್ದೆ. ಕೈಮುಗಿಯಬೇಕು ಎಂದು ಯಾರೂ ಹೇಳಿರಲಿಲ್ಲ.

ತೇಲೂರು ಮೂಗಿನೆದುರು ಕಾಣಲಿಲ್ಲ. ಮೂಗಿನ ಎಡಕ್ಕೆ, ಅದೇ ಓರೆಯಲ್ಲಿ, ಇರಬೇಕಾದಲ್ಲೇ ಮೊದಲೊಂದು ಕಪ್ಪು ಚುಕ್ಕೆಯಾಗಿ, ಆಮೇಲೆ ಮನೆಗಳ ಮಾಡುಗಳಾಗಿ, ಆಮೇಲೆ ಕೈಬೀಸುವ ನನ್ನ ಅಳಿಯನಾಗಿ ಬಂತು. ಗೋಯ್ದಣ್ಣ ಉಳಿದ ಹಿಟ್ಟನ್ನು ಅಕ್ಕನ ಮಡಿಲಿಗೆ ಸುರಿದ. ಶೇವಂತಿಬಾಯಿ ಓಡಿದರು. ಒಳಗೆ ಮಗುವನ್ನೂ ಹದವಾಗಿ ತಿರುಗಿಸಬೇಕಿತ್ತು. ಅವರ ಕೈಗೂ ಕೋನ ಗೊತ್ತಿತ್ತು. ತಾಯಿ ಉಳಿದಳು, ಕೂಸು ಉಳಿಯಿತು. ತ್ರಿಕೋನಮ್ಮ ಎಂದು ಹೆಸರಿಡೋಣ ಎಂದೆ. ಸುಗಂಧಿ ಏಳಲಾರದ ಸ್ಥಿತಿಯಲ್ಲೂ ದಿಂಬು ಎಸೆದಳು. ಕೊನೆಗೆ ರೇಖಾ ಎಂಬಲ್ಲಿ ರಾಜಿಯಾಯಿತು.

ಆ ರೇಖಾ ಈಗ ಕಾರವಾರದ ಬಾಗಿಲಲ್ಲಿ ಮೂಗೆರೆ ಬಿಡುವವಳು. ಹೂವಿಲ್ಲ, ನವಿಲಿಲ್ಲ. ಸೊಟ್ಟಗಿದೆ ಎಂದು ದಾಟುವ ಅಜ್ಜಿಯರು ಮೂಗು ಮುರಿದರೆ, "ಅಂದ ಆಮೇಲೆ ಅಜ್ಜೀ, ಅಂದಾಜು ಮೊದಲು," ಎನ್ನುತ್ತಾಳೆ.

ಬೇಡುವುದು ಒಂದೇ. ನಿಮ್ಮಲ್ಲೂ ದಿಕ್ಕುದನಿಗಳು ಹುಟ್ಟಿವೆ ಎಂದು ಕೇಳಿದ್ದೇನೆ. ಕೇಳಿ, ಇಂಪಾಗಿಯೇ ಇರುತ್ತವೆ. ಆದರೆ ಪೆನ್ಸಿಲು ಎಸೆಯಬೇಡಿ. ನಿಮ್ಮ ಮಕ್ಕಳಿಗೆ ಒಂದು ದಾರ ಕೊಟ್ಟು, ಇವತ್ತಿನ ಗಾಳಿಯನ್ನು ಹೊಸ್ತಿಲಲ್ಲಿ ಬರೆಯಲು ಹೇಳಿ. ನಿಮ್ಮ ಕೈಯಿಂದ ಅವರ ಕೈಗೆ, ಅವರಿಂದ ಮುಂದಕ್ಕೆ ದಾಟುತ್ತ ಬಂದರೆ ಮಾತ್ರ ಅಕ್ಕನ ಬೆರಳಿಗೆ ಆ ಲೆಕ್ಕ ಸಿಕ್ಕೀತು.

ಇಷ್ಟು ಬರೆಯುವಾಗ ಕಿಟಕಿಯ ಪರದೆ ಇನ್ನೊಂದು ದಿಕ್ಕಿಗೆ ಹೊರಳಿತು. ಹೊರಗೆ ರೇಖಾ ಬೆಳಗಿನ ಮೂಗೆರೆಯನ್ನು ಕಾಲಿನಿಂದ ಅಳಿಸಿ, "ಅಜ್ಜಾ, ದಾರ ಹಿಡಿ ಬಾ!" ಎಂದು ಕೂಗುತ್ತಿದ್ದಾಳೆ. ಗಾಳಿ ತಿರುಗಿದೆ. ಮೇಲೆ ಬರೆದ ತಾರೀಖು ತಪ್ಪಾಯಿತು, ತಿದ್ದಲು ಹೊತ್ತಿಲ್ಲ. ಬಂಡಿ ಹೊರಡುವುದರಲ್ಲಿದೆ.

ನಿಮ್ಮ, ಇನ್ನೂ ಹುಟ್ಟದ,
ವಿಠೋಬ ತಾಂಡೇಲ