ನರ್ಸಬಾಯಿ ಮನಿಯಿಂದ

ಆಳಂದ,
ಭಾದ್ರಪದ ಶುದ್ಧ ಸಪ್ತಮಿ, ಶುಕ್ರವಾರ, ೧೯೪೮

ಅಮೃತಾಳ ಅಪ್ಪನವರ ಪಾದಕ್ಕ ರೇವಮ್ಮ ಮಾಡುವ ಶರಣಾರ್ಥಿ.

ನಿಮ್ಮ ಮೈಯಾಗ ಆರಾಮ ಅದನೋ ಇಲ್ಲೋ. ಗಡಿ ಆಚೆ ರಜಾಕಾರರ ವಿರುದ್ಧ ಹೋರಾಡೋ ಕ್ಯಾಂಪಿನ್ಯಾಗ ಹಸಿ ನೆಲದ ಮ್ಯಾಲ ಮಲಗ್ತೀರಂತ, ಕೆಮ್ಮು ಬಿಟ್ಟಿಲ್ಲಂತ ಎಮ್ಮಿ ವ್ಯಾಪಾರದ ಕಲ್ಯಾಣಪ್ಪ ಹೇಳಿದ. ನಿಮಗ ಮೊದಲಿನಿಂದಾನೂ ಥಂಡಿ ತಡಿಯಂಗಿಲ್ಲ. ಮಲಗೋ ಮುಂದ ಎದಿಗೆ ಅರಿವಿ ಸುತ್ತಿಕೊಳ್ರಿ, ಯಾರರೆ ನಕ್ಕರ ನಗಲಿ. ಅತ್ತಿಯವರು, ಮೈದುನ ಚಂದ್ರಾಮಪ್ಪ ಸುಖವಾಗಿ ನಿಮ್ಮನ್ನ ಬಂದು ಮುಟ್ಟಿದ್ರಂತ ಕೇಳಿ ಜೀವಕ್ಕ ಸಮಾಧಾನ ಆಯ್ತು. ನಾನು ಯಾಕ ಅವರ ಜೋಡಿ ಬರಲಿಲ್ಲಂತ ನಿಮಗ ಸಿಟ್ಟು ಬಂದದಂತ. ಅವರು ಹ್ಯಾಂಗ ಹೇಳ್ಯಾರೋ ನನಗ ಗೊತ್ತಿಲ್ಲ. ನಡೆದದ್ದು ನನ್ನ ಕೈಲೇ ಬರೀತೇನಿ. ನಮ್ಮಪ್ಪ ನಾಲ್ಕು ಅಕ್ಷರ ಕಲಿಸಿದ್ದು ಇವತ್ತ ಉಪಯೋಗಕ್ಕ ಬಂತು.

ರಜಾಕಾರರ ಭಯಕ್ಕ ನಮ್ಮೂರು ಕಿಣ್ಣಿ ಸುಲ್ತಾನದಾಗ ನಮ್ಮ ಓಣಿ ಅರ್ಧ ಖಾಲಿ ಆದ ಮ್ಯಾಲ ಚಂದ್ರಾಮಪ್ಪ ಗಾಡಿ ಹೂಡಿದ. ಕಾಳಿನ ಚೀಲದ ನಡುವ ಜಾಗಾ ಮಾಡಿ ನಾನು ಅಮೃತಾನ್ನ ಮಲಗಿಸಿಕೊಂಡಿದ್ದೆ. ನಿಮಗ ಗೊತ್ತೇ ಅದ, ಇಕಿಗೆ ಐದು ವರ್ಷ ತುಂಬಿದ್ರೂ ಕುತ್ತಿಗಿ ನಿಂತಿಲ್ಲ, ಕೈಕಾಲು ಹುಟ್ಟಿದಾಗಿಂದ ಬಿಗಿ. ಕರಿಮಣ್ಣಿನ ದಾರಿ, ಗಾಡಿ ಒಂದೊಂದು ತೆಗ್ಗಿನ್ಯಾಗ ಬಿದ್ದಾಗೂ ಕೂಸು ಬೆದರಿ ಬಿಲ್ಲಿನಂಗ ಬಗ್ಗತಿತ್ತು. ಹಳ್ಳ ದಾಟೋದ್ರೊಳಗ ಮೂರ್ಛೆ ಬಂತು. ಅದು ಇಳಿದ ಮ್ಯಾಲ ಅತ್ತಿಯವರು ಬಾಯಾಗ ನೀರು ಹಾಕಿದ್ರು. ಅವರನ್ನ ನಾ ಬೈಯಂಗಿಲ್ಲ, ಜೀವ ಉಳಿಲಿ ಅಂತನ ಹಾಕಿದ್ರು. ಆದ್ರ ಮಲಗಿದ ಕೂಸಿನ ಬಾಯಾಗ ಬಿದ್ದ ನೀರು ಎದಿಗೆ ಇಳೀತು. ತುಟಿ ನೀಲಿ ಆಯ್ತು. ಉಸಿರು ಎಳಿಯೋದು ಕೇಳಿದ್ರ ಎತ್ತೂ ಕಿವಿ ನಿಮಿರಸ್ತಿದ್ವು. ಆವಾಗ ಅತ್ತಿಯವರು ಅಳಕೋತ ಹೇಳಿದ್ರು, "ಬಾಳೋ ಕೂಸಲ್ಲ ಇದು ರೇವಾ. ಇದರ ಸಲುವಾಗಿ ಎಲ್ಲಾರೂ ಸಿಕ್ಕಿ ಬೀಳೋದು ಬ್ಯಾಡ. ಆ ಬನ್ನಿ ಗಿಡದ ಬುಡಕ ಮಲಗಿಸಿ ಬಾ, ದೇವರು ನೋಡಿಕೊಳ್ತಾನ." ಚಂದ್ರಾಮಪ್ಪ ಹಿಂದ ತಿರುಗಿ ನೋಡಲೇ ಇಲ್ಲ. ನಾನು ಇಳಿದೆ. ಬನ್ನಿ ಗಿಡದ ಕಡಿಗೆ ಅಲ್ಲ, ಆಳಂದದ ಕಡಿಗೆ ನಡೆದೆ.

ಹ್ಯಾಂಗ ನಡೆದೆ ಅಂತ ಕೇಳಬ್ಯಾಡ್ರಿ. ಕೂಸಿನ ಗದ್ದ ನನ್ನ ಹೆಗಲ ಮ್ಯಾಲ ಇಟಗೊಂಡು, ಅದು ಉಸಿರು ಎಳೆದ್ರ ನಾನೂ ಎಳೆದು, ಅದು ನಿಂತ್ರ ನಾನೂ ನಿಂತು ಬಂದೆ. ದವಾಖಾನೆಯ ಡಾಕ್ಟರ್ ಸಾಹೇಬರು ಗುಲಬರ್ಗಾಕ್ಕ ಹೋದವರು ತಿರುಗಿ ಬಂದಿರಲಿಲ್ಲ. ನರ್ಸಬಾಯಿ ಶಮ್ಸುನ್ನಿಸಾ ಒಬ್ಬಾಕಿನ ಇದ್ದಳು. ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಕೂಸನ್ನ ಕಸಗೊಂಡಂಗ ಇಸಗೊಂಡು ತನ್ನ ಮೊಣಕಾಲ ಮ್ಯಾಲ ಬೋರಲ ಹಾಕಿ, ಬೆನ್ನು ತಟ್ಟಿ ತಟ್ಟಿ, ಬಾಯಾಗ ಬಂದ ಕಫ ಬೆರಳಿಗೆ ಅರಿವಿ ಸುತ್ತಿ ತೆಗೆದಳು. ಸಂಜಿ ತನಕ ಅದನ್ನೇ ಮಾಡಿದಳು. ದವಾಖಾನೆ ಕೀಲಿ ಹಾಕೋ ಹೊತ್ತಾದಾಗ ನಾನು ಕಟ್ಟಿ ಮ್ಯಾಲ ಕುಂತೆ, ಹೋಗಾಕ ಜಾಗಾ ಇರಲಿಲ್ಲ. ಅಕಿ ಒಂದು ಸಲ ಓಣಿ ಆ ಕಡಿ ಈ ಕಡಿ ನೋಡಿ, "ನಡಿ ಬೇ, ನಮ್ಮನಿಗೆ" ಅಂದಳು.

ಅವತ್ತಿನಿಂದ ಇಲ್ಲೇ ಇದ್ದೇವಿ. ಮನ್ಯಾಗ ಅಕಿ ಮತ್ತ ಅಕಿ ತಾಯಿ, ಗೌಸಿಯಾಬೇಗಂ ಅಂತ, ಕಣ್ಣು ಮಂಜಾದ ಮುದುಕಿ, ಇಬ್ಬರ ಇರೋದು. ನಮಗ ಒಲಿ ಬ್ಯಾರೆ ಹಾಕಿಕೊಟ್ಟಾರ. ನಾನು ಕೇಳಿದ್ದಲ್ಲ, ಮುದುಕಿನ ಹಾಕಿಸಿದ್ದು. ನರ್ಸಬಾಯಿ ನನಗ ಕೂಸನ್ನ ಹ್ಯಾಂಗ ನೋಡಿಕೋಬೇಕಂತ ಹೊಸದಾಗಿ ಕಲಿಸಾಕತ್ತಾಳ. ಮಲಗಿಸಿ ಒಂದು ಹನಿನೂ ಹಾಕೋ ಹಂಗಿಲ್ಲ. ಬುಟ್ಟಿಯೊಳಗ ಕೌದಿ ತುಂಬಿ, ಬೆನ್ನಿಗೆ ಆಸರ ಕೊಟ್ಟು ಕುಂಡ್ರಿಸಬೇಕು, ಗದ್ದ ಸ್ವಲ್ಪ ಕೆಳಗ ಇರಬೇಕು. ಅಂಬಲಿ ತೆಳ್ಳಗ ಇದ್ರ ಎದಿಗೆ ಇಳೀತದ, ಅದಕ್ಕ ಬೆರಳಿಗೆ ಅಂಟೋ ಹದಕ್ಕ ಕುದಿಸಬೇಕು. ಗಂಟಲ ಮ್ಯಾಲ ಬೆರಳಿಟ್ಟು, ಗುಟುಕು ಇಳಿದದ್ದು ತಿಳಿದ ಮ್ಯಾಲ ಮುಂದಿನ ಚಮಚ. ಬೆನ್ನಿಗೆ ಹುಣ್ಣಾಗಬಾರದಂತ ಆಗಾಗ ಮಗ್ಗಲು ಬದಲಿಸಬೇಕು. ಕೈಕಾಲು ಬಿಸಿನೀರಿನ ಅರಿವಿಲೆ ಒತ್ತಿ ಮೆಲ್ಲಕ ಬಿಡಿಸಬೇಕು, ಜಗ್ಗಬಾರದು. ಮೊನ್ನೆ ಹಂಗ ಬಿಡಿಸೋ ಮುಂದ ಅಮೃತಾ ಮುಷ್ಟಿ ತೆರೆದು ನನ್ನ ಬೆರಳು ಹಿಡಿದಳು. ನೀವು ನೋಡಬೇಕಾಗಿತ್ತು. "ಇಕಿ ನಡೀತಾಳೇನ್ರಿ ಬಾಯಿ" ಅಂತ ಕೇಳಿದೆ. ಅಕಿ ಸುಳ್ಳು ಹೇಳಲಿಲ್ಲ. "ನಡಿಯಂಗಿಲ್ಲ ಬೇ. ಆದ್ರ ಉಂಡು, ನಕ್ಕು, ನಿನ್ನ ಗುರುತು ಹಿಡಿದು ಇರಬಹುದು. ಅಷ್ಟು ಸಾಲ್ದೇನು?" ಅಂದಳು. ನಾನು ಒಲಿ ಕಡಿಗೆ ಮುಖ ಮಾಡಿ ಅತ್ತೆ. ನನಗ ಅಷ್ಟು ಸಾಕ್ರಿ. ನಿಮಗೂ ಸಾಕಂತ ತಿಳಕೊಂಡೇನಿ.

ಇಲ್ಲಿ ಇರೋದು ಸುಲಭ ಅಂತ ತಿಳಿಬ್ಯಾಡ್ರಿ. ಕ್ಯಾಂಪಿನವನ ಹೆಂಡ್ತಿ ಈ ಮನ್ಯಾಗ ಇದ್ದಾಳಂತ ಯಾರೋ ಹಬ್ಬಿಸ್ಯಾರ. ಬಂದೂಕು ಹಿಡಿದ ನಾಲ್ಕು ಮಂದಿ ರಜಾಕಾರರು ಬಾಗಿಲಿಗೆ ಬಂದಿದ್ರು. ನಾನು ಕೂಸನ್ನ ಅವಚಿಕೊಂಡು ಒಳಗ ಗ್ವಾಡಿಗೆ ಒರಗಿದ್ದೆ. ನರ್ಸಬಾಯಿ ಚೌಕಟ್ಟಿನ್ಯಾಗ ಅಡ್ಡ ನಿಂತು, "ಒಳಗ ದವಾಖಾನೆ ಮರೀಜ್ ಅದ. ಗದ್ದಲ ಮಾಡಿದ್ರ ಅದಕ್ಕ ಮೂರ್ಛೆ ಬರ್ತದ, ಸತ್ರ ನಿಮ್ಮ ಹೆಸರು ಹೇಳ್ತೇನಿ" ಅಂದಳು. ಗೌಸಿಯಾಬೇಗಂ ತಡವರಿಸಿಕೋತ ಹೋಗಿ ಮಗಳ ಬಾಜು ನಿಂತಳು. ಆ ಮಂದಿ ಬೈದು ಹೋದ್ರು. ಆಮ್ಯಾಲ ನರ್ಸಬಾಯಿ ಅಗಳಿ ಹಾಕಿ ಬಂದು ಕೂಸಿನ ಉಸಿರು ನೋಡಿದಳು.

ಈಗ ನನ್ನ ಕಷ್ಟ ಕೇಳ್ರಿ. ಮೂರ್ಛೆ ತಡೆಯೋ ಗುಳಿಗಿ ಮುಗಿಯಾಕ ಬಂದಾವ. ಗಡಿ ಬಂದ್ ಆದಾಗಿಂದ ದವಾಖಾನೆಗೆ ಔಷಧ ಬರೋದು ನಿಂತದ. ನರ್ಸಬಾಯಿ ಇದ್ದದ್ದನ್ನ ಅರ್ಧ ಮಾಡಿ, ಪಾವು ಮಾಡಿ ಕೊಡಾಕತ್ತಾಳ. ನಿನ್ನೆ ಒಂದರ ಹಿಂದ ಒಂದು ಮೂರ್ಛೆ ಬಂದು ನಾಲಗಿ ಹಲ್ಲಾಗ ಸಿಕ್ಕು ರಕ್ತ ಬಂತು. ಇವತ್ತ ಮುಂಜಾನೆಯಿಂದ ಚಮಚ ಮುಟ್ಟಿಸಿದ್ರ ಬಾಯಿ ತೆರಿವಲ್ಲಳು. ಗುಳಿಗಿ ಪೂರಾ ನಿಂತ್ರ ಕೂಸು ತಡಿಯಂಗಿಲ್ಲಂತ ನರ್ಸಬಾಯಿ ಹೇಳ್ಯಾಳ. ಗುಳಿಗಿಯ ಹೆಸರು ಚೀಟಿಯಾಗ ಬರೆದು ಕಲ್ಯಾಣಪ್ಪನ ಕೈಯಾಗ ಕೊಟ್ಟಾಳ. ಸೊಲ್ಲಾಪುರದಾಗ ಸಿಗತಾವಂತ. ನಿಮಗ ಕೈ ಮುಗೀತೇನಿ, ಹ್ಯಾಂಗರೆ ಮಾಡಿ ತಂದು ಅವನ ಕೈಯಾಗ ಕಳಸ್ರಿ. ನನಗ ಬ್ಯಾರೆ ಯಾರೂ ಇಲ್ಲ.

ಅತ್ತಿಯವರಿಗೆ ನನ್ನ ಶರಣು ಹೇಳ್ರಿ, ರಾತ್ರಿ ಅಳಬ್ಯಾಡಂತ ಹೇಳ್ರಿ, ಕೂಸು ಜೀವಂತ ಅದ. ಚಂದ್ರಾಮಪ್ಪನ ಮ್ಯಾಲ ನನಗ ಸಿಟ್ಟಿಲ್ಲ. ಶರಣಬಸವ ನಿಮ್ಮನ್ನೆಲ್ಲ ಕಾಯಲಿ.

ನಿಮ್ಮ
ರೇವಮ್ಮ

ತಾ.ಕ. ಕಲ್ಯಾಣಪ್ಪ ಬಾಗಿಲಾಗ ಎಮ್ಮಿ ಹಗ್ಗ ಹಿಡಿದು ಅವಸರ ಮಾಡಾಕತ್ತಾನ. ನೀವು ಹೇಳಿ ಕಳಿಸಿದ ಇನ್ನೊಂದು ಮಾತಿಗೆ ಜವಾಬು ಬರೆದಿಲ್ಲ. "ನಾವು ಜಲ್ದಿ ಬರ್ತೇವಿ, ಬಂದ ದಿನ ಮುಸಲ್ಮಾನರ ಮನಿ ಒಂದೂ ಉಳಿಸಂಗಿಲ್ಲ, ಅದಕ್ಕ ಮೊದಲ ನೀ ಆ ಮನಿ ಬಿಡು" ಅಂತ ಹೇಳಿ ಕಳಿಸೀರಿ. ನಾನು ಬಿಡಂಗಿಲ್ಲ. ದವಾಖಾನೆ ಹಿಂದಿನ ಓಣಿ, ಬಾಗಿಲಿಗೆ ಹಸಿರು ಬಣ್ಣ, ಮುಂದ ಒಂದು ಬೇವಿನ ಗಿಡ ಅದ, ನೆನಪಿಟಗೊಳ್ರಿ. ನಿಮ್ಮವರು ಬಂದ ದಿನ ಅಮೃತಾನ್ನ ತೊಡಿ ಮ್ಯಾಲ ಹಾಕ್ಕೊಂಡು ಹೊಸ್ತಿಲಿನ್ಯಾಗ ಕುಂತಿರ್ತೇನಿ, ಆ ಇಬ್ಬರೂ ನನ್ನ ಹಿಂದ ಇರ್ತಾರ. ಎಲ್ಲಾರಿಗಿಂತ ಮುಂದ ನೀವ ಬರ್ರಿ, ಬ್ಯಾರೆಯವರನ್ನ ಕಳಿಸಬ್ಯಾಡ್ರಿ. ಯಾರ ಮಗಳು ಅಂತ ಅವರು ಕೇಳಿದ್ರ ಇಕಿಗೆ ಹೇಳಾಕ ಬರಂಗಿಲ್ಲ.