ಅಜ್ಜಿಯ ಗಂಜಿ ಒಲೆ ಮೇಲಿದೆ

ಶಿವಮಲ್ಲಣ್ಣ,

ಅಜ್ಜಿ ನಿನ್ನೆಯೂ ಏನೂ ತಿನ್ನಲಿಲ್ಲ. ತನ್ನ ಕಥೆಗಳ ಊರುಗಳನ್ನು ತೋರಿಸು ಅಂತ ಎಷ್ಟು ವರ್ಷ ಕೇಳಿದ್ದಳು! ಈಗ ಕಾರಲ್ಲಿ ಸುತ್ತಿಸಿದೆ. ಗೋಪಾಲಸ್ವಾಮಿ ಬೆಟ್ಟ ತೋರಿಸಿದೆ, ಹಂಗಳದಲ್ಲಿ ಇಡ್ಲಿ, ಚಾಮರಾಜನಗರದ ದೊಡ್ಡ ಗುಡಿ ಎದುರು ಕಜ್ಜಾಯ ಕೊಡಿಸಿದೆ. ಅವಳ ಕಥೆಯ ರಾಜಕುಮಾರಿಯ ಹಾಗೆ ಒಂದು ತುತ್ತಿಗೆ ಎದ್ದು ಕೂರುತ್ತಾಳೆ ಅಂದುಕೊಂಡಿದ್ದೆ, ಪೆದ್ದಿ ನಾನು. "ನೀನ್ಯಾರ್ ಮಗ್ಳು? ನೀನೇ ತಿನ್ನು, ಸೊರ್ಗೋಗಿದ್ದೀಯ ಕಣಮ್ಮಿ" ಅಂದಳು.

ಗಂಜಿಗೆ ಮಾತ್ರೆ ಅರೆದು ಬೆರೆಸು. ಕಥೆ ಹೇಳುತ್ತಾ ಕುಡಿಸು, ಪ್ರತಿ 'ಹೂಂ'ಗೆ ಒಂದು ಚಮಚ, ಅವಳು ನಮಗೆ ಉಣ್ಣಿಸುತ್ತಿದ್ದ ಹಾಗೆ. ನನಗಂತೂ 'ಹೂಂ' ಅನ್ನಲಿಲ್ಲ. ಫೋನ್ ನೋಡುತ್ತಾ ಕೂರಬೇಡ.

ಭೀಮನಬೀಡಿಗೆ ಹೋಗಿ ಅಜ್ಜಿಯ ತಂಗಿಯನ್ನು ಕರೆತರುತ್ತೇನೆ. ಅಜ್ಜಿ ಗುರುತು ಹಿಡಿಯುತ್ತಾಳೆಂಬ ಆಸೆಯಿಲ್ಲ. ಚಿಕ್ಕಜ್ಜಿಯಾದರೂ ಕೊನೆಯ ಸಲ ಅಕ್ಕನ ಮುಖ ನೋಡಿಕೊಳ್ಳಲಿ.

ಸಿಂಧು