ಬಿಡು ಅಂದರೆ ಬಿಡುವ ಬ್ರೇಕು

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಒಂದು ಬಸ್ಸಿನ ಹಿಂದಿನ ಸಾಲಿನ ಸೀಟು ಹೊಲಿಯಲು ಬಿಚ್ಚಿದೆ. ಯಾರೋ ಬ್ಲೇಡು ಹಾಕಿ ರೆಕ್ಸಿನ್ ಉದ್ದಕ್ಕೂ ಸೀಳಿದ್ದಾರೆ. ಏನು ಸುಖವೋ. ಮಧ್ಯಾಹ್ನದ ಹೊತ್ತಿಗೆ ಸೂಜಿ ಮುರಿಯಿತು. ಮೇಸ್ತ್ರಿ ಹೊಸದು ತಂದು ಮಿಷನ್ನಿನ ಮೇಲಿಟ್ಟು ಹೋದ. ಈಗ ಡಿಪೋದಲ್ಲಿ ನನ್ನ ಜೊತೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಏನು ಹೇಳಬೇಕೆಂದು ತೋಚುವುದಿಲ್ಲ ಅವರಿಗೆ. ನನಗೂ ಅದೇ ಅನುಕೂಲ.

ನಮ್ಮೆಜಮಾನರು ಇದೇ ಡಿಪೋದಲ್ಲಿ ಬಸ್ಸು ಓಡಿಸುತ್ತಿದ್ದರು. ನವೆಂಬರಿನಲ್ಲಿ ಇಳಿಜಾರಿನ ನಡುವೆ ಸ್ಟೀರಿಂಗ್ ಮೇಲೆ ಹಾಗೇ ಒರಗಿದರಂತೆ. ಬಸ್ಸು ಕೆಳಗಿನ ಕಲ್ಲುಗೋಡೆಗೆ ಹೊಡೆಯಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಇಬ್ಬರು ಪ್ರಯಾಣಿಕರೂ ಹೋದರು. ಎದೆ ನಿಂತದ್ದು ಮೊದಲು, ಗೋಡೆ ಆಮೇಲೆ — ಎಂದು ಡಾಕ್ಟರು ಹೇಳುವವರೆಗೆ ಜನ ಅವರನ್ನೇ ಬೈದರು. ಆಮೇಲೆ ನನಗೆ ಈ ಕೆಲಸ ಕೊಟ್ಟರು. ನನ್ನ ತಮ್ಮನೂ ಇಲ್ಲೇ ಡ್ರೈವರ್. ಅವನೊಬ್ಬ ದಿನಾ ಹೊಲಿಗೆ ಕೋಣೆಗೆ ಇಣುಕಿ ಹೋಗುತ್ತಾನೆ.

ಇವತ್ತು ಹೊಸ ಯಂತ್ರ ಬಂತು. ತಂದವಳು ಒಬ್ಬ ಇಂಜಿನಿಯರ್ ಹುಡುಗಿ. ಕನ್ನಡಿಯ ಪಕ್ಕ ಕೂರುವ ಸಣ್ಣ ಡಬ್ಬಿ, ಎರಡು ದುಂಡು ದೀಪ. ಡ್ರೈವರನ ಎದೆ ಬಡಿತ ಕೇಳಿಸಿಕೊಳ್ಳುತ್ತದಂತೆ. ಬಡಿತ ತಪ್ಪಿದರೆ ಬಸ್ಸನ್ನು ತಾನೇ ಬ್ರೇಕು ಹಾಕಿ ನಿಲ್ಲಿಸುತ್ತದಂತೆ. ರಸ್ತೆಗೆ ಏನಾದರೂ ಅಡ್ಡ ಬಂದರೂ ಅಷ್ಟೇ.

ಡ್ರೈವರುಗಳು ಸುತ್ತ ನಿಂತು ನೋಡಿದರು. "ಗೂಬೆ ಥರ ಇದೆ" ಅಂದ ಒಬ್ಬ. ತಮ್ಮ ಬಿಡುತ್ತಾನೆಯೇ — "ಇಷ್ಟು ದಿನ ಏನಾದ್ರೂ ನಮ್ಮ ತಲೆ ಮೇಲೆ ಗೂಬೆ ಕೂರಿಸೋರು. ಈಗ ನಿಜವಾಗ್ಲೂ ಕೂರಿಸಿಬಿಟ್ರು ನೋಡ್ರಪ್ಪ." ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಡಬ್ಬಿಗೆ ಗೂಬೆ ಎಂದೇ ಹೆಸರಾಯಿತು.

ನವೆಂಬರಿಗೆ ಮೊದಲು ಬಂದಿದ್ದರೆ... ಬೇಡ. ಬರೆಯಬಾರದು ಅದನ್ನು.

ಮಾರ್ಚ್ 6, ಬುಧವಾರ

ಎದೆಪಟ್ಟಿ ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಎಲಾಸ್ಟಿಕ್ ಪಟ್ಟಿ, ಒಳಗೆ ಬೆರಳುಗುರಿನಷ್ಟು ದೊಡ್ಡ ಬಿಲ್ಲೆ. ಡ್ರೈವರುಗಳು ಅಂಗಿಯೊಳಗೆ ಹಾಕಿಕೊಳ್ಳಬೇಕು. ಸಾಲಾಗಿ ನಿಂತು ಅಳತೆ ಕೊಟ್ಟರು. ನಾಚಿಕೆ ಅವರಿಗೆ, ನನಗಲ್ಲ. "ಎರಡನೇ ಹೆಂಡ್ತಿ ಕಣಕ್ಕ ಇದು, ಎದೆಗಂಟಿಕೊಂಡೇ ಇರ್ತಾಳೆ" ಎಂದ ಒಬ್ಬ ಹಿರಿಯ. "ಮೊದಲನೆಯವಳಿಗೆ ನಿನ್ನ ಎದೆ ಬಡಿತ ಕೇಳಿಸಿದ್ದು ಯಾವಾಗ?" ಎಂದು ತಮ್ಮ ಕೇಳಿದ.

ತಮ್ಮನ ಎದೆಗೆ ಟೇಪು ಹಿಡಿದಾಗ ಅಂಗೈಗೆ ಬಡಿತ ತಾಗಿತು. ಕೈ ತೆಗೆಯಲು ಮನಸ್ಸಾಗಲಿಲ್ಲ.

ಮಾರ್ಚ್ 15, ಶುಕ್ರವಾರ

ಗೂಬೆಗೆ ಮಾತು ಕಲಿಸುವ ದಿನ. ಅದು ತಪ್ಪು ತಿಳಿದು ಬ್ರೇಕು ಹಾಕಿದರೆ ಡ್ರೈವರ್ ಬಿಡಿಸಬೇಕಲ್ಲ. ಕೈ ಸ್ಟೀರಿಂಗ್ ಮೇಲಿರಬೇಕು, ಅದಕ್ಕೇ ಬಾಯಿಮಾತು. "ಮಾತಾಡೋ ಮನುಷ್ಯ ಎಚ್ಚರವಾಗಿದಾನೆ ಅಂತ ಅರ್ಥ. ಅವನ ದನಿ ಕೇಳಿದ್ರೆ ಬ್ರೇಕು ಬಿಟ್ಟುಕೊಡುತ್ತೆ. ಬೇರೆಯವರ ದನಿಗೆ ಬಗ್ಗಲ್ಲ" ಎಂದಳು ಹುಡುಗಿ. "ನಿಮಗೆ ನಾಲಿಗೆ ತುದೀಲಿ ಇರೋ ಮಾತು ಯಾವುದು? ಗಾಬರೀಲೂ ಬಾಯಿಗೆ ಬರಬೇಕು."

ಬೈಗುಳಗಳೇ ಮೊದಲು ಬಂದವು. ಹುಡುಗಿ ಕಿವಿ ಕೆಂಪಗೆ ಮಾಡಿಕೊಂಡು, "ಬರೆದುಕೊಳ್ಳಬಹುದಾದದ್ದು ಹೇಳಿ" ಅಂದಳು. ಕೊನೆಗೆ ಎಲ್ಲರೂ ಒಪ್ಪಿದ್ದು — ಬಿಡು.

ಒಬ್ಬೊಬ್ಬರೇ ಹತ್ತಿ ಕೂಗಿದರು. ಗೂಬೆಗೆ ಅರ್ಧದಷ್ಟು ತಿಳಿಯಲಿಲ್ಲ. ಒಬ್ಬ "ಬಿಡೋ" ಅಂದ, ಇನ್ನೊಬ್ಬ "ಬಿಡೇ ತಾಯಿ" ಅಂದ. ಅದು ಕಚ್ಚಿಕೊಂಡೇ ಕೂತಿತು. "ಬಿಡಪ್ಪ ಅಂದ್ರೂ ಬಿಡ್ಬೇಕು, ಬಿಡಮ್ಮ ಅಂದ್ರೂ ಬಿಡ್ಬೇಕು, ಹಾಗೆ ಕಲಿಸಮ್ಮ ಅದಕ್ಕೆ" ಎಂದು ತಮ್ಮ ಕೂಗಿದ. ಅವಳು ಸಂಜೆಯವರೆಗೆ ಕಂಪ್ಯೂಟರಿನ ಮುಂದೆ ಕೂತು ಕಲಿಸಿದಳು. ಮಾತಿನ ನಡುವೆ ಎಲ್ಲಿ ಬಂದರೂ ಈಗ ಹಿಡಿಯುತ್ತದೆ.

ಏಪ್ರಿಲ್ 9, ಮಂಗಳವಾರ

ಬಹಳ ದಿನ ಬರೆಯಲಿಲ್ಲ. ಬರೆಯುವುದೇನಿತ್ತು. ಎಲ್ಲ ಚೆನ್ನಾಗಿಯೇ ನಡೆದಿತ್ತು.

ಕಳೆದ ವಾರ ಚೆಂಡಿನ ಹಿಂದೆ ಓಡಿಬಂದ ಒಂದು ಮಗುವಿನ ಮುಂದೆ ಗೂಬೆ ಬಸ್ಸು ನಿಲ್ಲಿಸಿತು. ಡ್ರೈವರನ ಕಾಲು ಇನ್ನೂ ಬ್ರೇಕಿಗೆ ಬಂದಿರಲಿಲ್ಲ. ಆ ಮಗುವಿನ ಅಪ್ಪ ಡಿಪೋಗೆ ಬಂದು ಎಲ್ಲರ ಕೈ ಹಿಡಿದುಕೊಂಡ. ನನ್ನ ಕೈಯನ್ನೂ. ಪಟ್ಟಿ ಹೊಲಿದವಳು ಎಂದು ಯಾರೋ ಹೇಳಿದ್ದರು.

ತಮ್ಮನಿಗೆ ಇಳಿಜಾರಿನ ರೂಟು ಕೊಟ್ಟಿದ್ದಾರೆ. ನಮ್ಮೆಜಮಾನರದೇ ರೂಟು. ನನಗೆ ಹೇಳದೆ ಒಂದು ವಾರ ಓಡಿಸಿದ್ದಾನೆ.

ಏಪ್ರಿಲ್ 11, ಗುರುವಾರ

ಇವತ್ತು ನಕ್ಕೆ. ಬಾಯಿ ತುಂಬ. ನನಗೇ ವಿಚಿತ್ರ ಅನಿಸಿತು.

ತಮ್ಮನ ಬಸ್ಸಿನ ಕಂಡಕ್ಟರನಿಗೆ ಸೀಟಿ ಎಂದು ಅಡ್ಡಹೆಸರು. ಬಾಯಲ್ಲಿ ಸೀಟಿ ಇಲ್ಲದೆ ಇರುವುದೇ ಇಲ್ಲ. ಅವನು ಹೇಳಿದ ಕಥೆ: ನಾಯಿಯೊಂದು ಅಡ್ಡ ಬಂತು, ಗೂಬೆ ಬ್ರೇಕು ಹಾಕಿತು. ಒಬ್ಬಾಕೆಯ ಚೀಲ ಉರುಳಿ ಆಲೂಗಡ್ಡೆಯೆಲ್ಲ ಬಸ್ಸಿನ ತುಂಬ. ಆಕೆ ತಮ್ಮನ ಮೇಲೆ ಹರಿಹಾಯ್ದಳು. ಸೀಟಿ ಆಕೆಯ ಜೊತೆ ಜಗಳಕ್ಕೆ ನಿಂತ. ತಮ್ಮ ತಿರುಗಿ, "ಹೋಗ್ಲಿ ಬಿಡೋ, ಆರಿಸಿಕೊಡು" ಅಂದನಂತೆ. ಅಷ್ಟೇ — ಗೂಬೆ ಬ್ರೇಕು ಬಿಟ್ಟಿತು. ಬಸ್ಸು ಹೊರಟೇಬಿಟ್ಟಿತು. ಆಲೂಗಡ್ಡೆಯೆಲ್ಲ ಹಿಂದಕ್ಕೆ, ಸೀಟಿಯೂ ಹಿಂದಕ್ಕೆ. ನಾಯಿ ಪುಣ್ಯಕ್ಕೆ ದಾಟಿತ್ತು.

"ನಿನ್ನ ಬಾಯಲ್ಲಿ ಬಿಡು ಇಲ್ಲದ ಮಾತಾದರೂ ಯಾವುದಿದೆಯೋ" ಅಂದೆ. "ಇಲ್ಲ ಬಿಡಕ್ಕ" ಅಂದ. ಮತ್ತೆ ಎಲ್ಲರೂ ನಕ್ಕರು.

ಏಪ್ರಿಲ್ 14, ಭಾನುವಾರ

ತಮ್ಮನ ಮನೆಗೆ ಹೋಗಿದ್ದೆ. ಮೂರನೇ ಮಹಡಿ, ಲಿಫ್ಟು ಕೆಟ್ಟಿದೆ. ಅವನು ನನ್ನ ಹಿಂದೆ ಹತ್ತಿದ. ಎರಡನೆಯದಕ್ಕೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತ. ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ನಟಿಸಿದ. ಹಣೆಯೆಲ್ಲ ಬೆವರು. ಎಡಗೈಯನ್ನು ಭುಜದಿಂದ ಕೆಳಗೆ ಉಜ್ಜಿಕೊಳ್ಳುತ್ತಿದ್ದ.

"ಏನಾಯ್ತೋ?"

"ಏನಿಲ್ಲ ಬಿಡಕ್ಕ."

ನಾನೂ ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ.

ನವೆಂಬರಿನ ಆ ಬೆಳಿಗ್ಗೆ ಇವರು ಕನ್ನಡಿಯ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತುಬಿಟ್ಟಿದ್ದರು. ಎದೆ ಒತ್ತಿಕೊಂಡು. ಏನಾಯ್ತು ಅಂದೆ. ಏನಿಲ್ಲ ಬಿಡು, ಅಂದರು. ನಾನು ಬಿಟ್ಟೆ.

ಎದೆ ಹಿಡಿದುಕೊಂಡ ಗಂಡಸು ಇನ್ನೇನು ಅಂದಾನು? ಗೂಬೆ ಬಡಿತ ನೋಡಿ ಬಸ್ಸು ನಿಲ್ಲಿಸುತ್ತದೆ. ಪಕ್ಕದವರು ಏನಾಯ್ತು ಎಂದು ಕೇಳುತ್ತಾರೆ. ಅವನು ಅದೇ ಮಾತು ಹೇಳುತ್ತಾನೆ. ಅದು ಬಿಡುತ್ತದೆ.

ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು — "ಒಂದು ವಾರದಿಂದ ಹೀಗೇ ಅತ್ತಿಗೆ. ಡಾಕ್ಟರ ಹತ್ರ ಹೋಗಿ ಅಂದ್ರೆ ನನ್ನ ಮೇಲೇ ರೇಗ್ತಾರೆ." ಬಾಗಿಲಲ್ಲಿ ತಮ್ಮ ನಿಂತಿದ್ದ. "ಡಾಕ್ಟರು ಒಂದು ಗೀಟು ಹಾಕಿದ್ರೆ ಸ್ಟೀರಿಂಗ್ ಮುಟ್ಟೋಕೆ ಬಿಡಲ್ಲ. ಆಮೇಲೆ ನಿನ್ನ ಪಕ್ಕ ಕೂತು ಸೀಟು ಹೊಲೀಲಾ? ಡಿಪೋದಲ್ಲಿ ಬಾಯಿ ಬಿಟ್ರೆ ನನ್ನಾಣೆ ಅಕ್ಕ."

ಆಣೆ ಹಾಕಿಬಿಟ್ಟ.

ಏಪ್ರಿಲ್ 16, ಮಂಗಳವಾರ

ಇಂಜಿನಿಯರ್ ಹುಡುಗಿಗೆ ಮಾತಿನ ವಿಷಯ ಹೇಳಿದೆ. ತಮ್ಮನ ವಿಷಯ ಹೇಳಲಿಲ್ಲ. ಎಜಮಾನರದು ಮಾತ್ರ ಹೇಳಿದೆ — ಗುಂಡಿ, ಕನ್ನಡಿ, ಏನಿಲ್ಲ ಬಿಡು.

ಅವಳು ನಗಲಿಲ್ಲ. ಪೆನ್ನು ಕೆಳಗಿಟ್ಟಳು. ಆಲೂಗಡ್ಡೆ ಕಥೆ ಅವಳಿಗೂ ಬಂದಿತ್ತಂತೆ, ಆವತ್ತೇ ಬಿಡು ಬದಲು ಬೇರೆ ಮಾತಿಡಲು ಕಂಪನಿಗೆ ಬರೆದು ಕಳಿಸಿದ್ದಳಂತೆ, ತಮಾಷೆ ಎಂದುಕೊಂಡು ಅವಸರ ಮಾಡಿರಲಿಲ್ಲ. ಈಗ ಫೋನು ತೆಗೆದು ಯಾರಿಗೋ ಗಟ್ಟಿಯಾಗಿ ಮಾತಾಡಿದಳು. ಎಲ್ಲ ಡ್ರೈವರುಗಳ ದನಿ ಮತ್ತೆ ತುಂಬಬೇಕು. ಸೋಮವಾರಕ್ಕೆ ಆಗುತ್ತದೆ ಅಂದಳು. "ಅಲ್ಲಿಯವರೆಗೆ ಗೂಬೆ ತೆಗೆದುಬಿಡಿ" ಅಂದೆ. "ತೆಗೆದರೆ ಏನೂ ಇರಲ್ಲ ಅಮ್ಮ. ಇದ್ದರೆ ನಿಲ್ಲಿಸಾದರೂ ನಿಲ್ಲಿಸುತ್ತೆ." ಅದೂ ನಿಜ.

ಹೊರಡುವಾಗ ಕೇಳಿದಳು, "ಈಗ ಯಾರಿಗಾದ್ರೂ ಹುಷಾರಿಲ್ವಾ? ಹೇಳಿ ಪರವಾಗಿಲ್ಲ."

ಇಲ್ಲ ಅಂದೆ.

ಏಪ್ರಿಲ್ 19, ಶುಕ್ರವಾರ

ಮೇಸ್ತ್ರಿ ಕರೆದ. ತಮ್ಮನ ಬಡಿತದ ಗೆರೆ ಏರುಪೇರು ತೋರಿಸುತ್ತಿದೆಯಂತೆ. ಪಟ್ಟಿ ಸಡಿಲ ಎಂದು ತಮ್ಮನೇ ಹೇಳಿದ್ದಾನೆ. "ಬಿಗಿ ಮಾಡಿಕೊಡಕ್ಕ" ಅಂದ ಮೇಸ್ತ್ರಿ. ತಮ್ಮ ಅಂಗಿ ಎತ್ತಿ ನಿಂತ. ಪಟ್ಟಿ ಸಡಿಲವಾಗಿರಲಿಲ್ಲ. ನಾನು ಹೊಲಿದದ್ದು, ನನಗೆ ಗೊತ್ತಿಲ್ಲವೇ. ಸುಮ್ಮನೆ ಎರಡು ಹೊಲಿಗೆ ಹಾಕಿದೆ. ಮೇಸ್ತ್ರಿ ನೋಡುತ್ತಿದ್ದ.

ಆಮೇಲೆ ಗೇಟಿನ ಹತ್ತಿರ ತಮ್ಮನನ್ನು ಹಿಡಿದುಕೊಂಡೆ. ಅತ್ತುಬಿಟ್ಟೆ. ಅವನು ಕೊನೆಗೆ ಸೋತ. "ಆಯ್ತು. ನಾಳೆ ರಜ ಹಾಕ್ತೀನಿ. ಡಾಕ್ಟರ ಹತ್ರ ಹೋಗ್ತೀನಿ. ಸಾಕಾ?"

ಸಾಕು ಅಂದೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಏಪ್ರಿಲ್ 20, ಶನಿವಾರ. 10.20

ತಮ್ಮನ ಹೆಂಡತಿ ಫೋನು ಮಾಡಿದಳು. ಆಸ್ಪತ್ರೆಗೆ ಹೊರಟು ನಿಂತಿದ್ದನಂತೆ. ಡಿಪೋದಿಂದ ಕರೆ ಬಂತಂತೆ — ಬದಲಿ ಡ್ರೈವರ್ ಬಂದಿಲ್ಲ, ಒಂದೇ ಟ್ರಿಪ್ ಹೋಗಿಬಾ ಎಂದು. ಹೋದ. ರಜ ಯಾಕೆಂದು ಅವನು ಹೇಳಿರಲಿಲ್ಲ. ಅವರಿಗೆ ಹೇಗೆ ತಿಳಿಯಬೇಕು.

ಓಡಿಬಂದೆ. ಬಸ್ಸು ಹೊರಟಾಗಿತ್ತು. ಇಂಜಿನಿಯರ್ ಹುಡುಗಿಗೆ ಎಲ್ಲ ಹೇಳಿದೆ. ಮೆಟ್ಟಿಲು, ಬೆವರು, ಎಡಗೈ, ಹೊಲಿಗೆ. ಆಣೆ ಮುರಿದೆ.

ಈಗ ಅವಳ ಕೋಣೆಯಲ್ಲಿದ್ದೇನೆ. ಪರದೆಯ ಮೇಲೆ ರೂಟು, ಅದರ ಮೇಲೆ ಹಸಿರು ಚುಕ್ಕಿ. ಅದೇ ಬಸ್ಸು. ಗೂಬೆ ಬ್ರೇಕು ಹಾಕಿದರೆ ಚುಕ್ಕಿ ಕೆಂಪಾಗುತ್ತದೆ, ಬಿಟ್ಟರೆ ಮತ್ತೆ ಹಸಿರು. "ಇಲ್ಲಿಂದ ನಿಲ್ಲಿಸೋಕಾಗಲ್ವಾ?" ಅಂದೆ. ನೋಡಬಹುದಂತೆ, ಮುಟ್ಟಲಾಗದಂತೆ. ಡ್ರೈವರುಗಳ ಫೋನು ಡಿಪೋದ ಕಪಾಟಿನಲ್ಲಿ. ಸೀಟಿಯ ಫೋನಿಗೆ ಲೈನು ಸಿಗುತ್ತಿಲ್ಲ. ಅವಳು ಬಾಗಿಲ ಹೊರಗೆ ನಿಂತು ಮತ್ತೆ ಮತ್ತೆ ಒತ್ತುತ್ತಿದ್ದಾಳೆ. ಬಣ್ಣ ಬದಲಾದರೆ ಟೈಮು ಬರೆದಿಡಿ ಎಂದಳು. ಚೀಲದಲ್ಲಿ ಈ ಡೈರಿಯೇ ಸಿಕ್ಕಿತು.

10.34

ಹಸಿರು. ಮಾರ್ಕೆಟ್ ದಾಟಿತು.

10.41

ಹಸಿರು. ಏರು ಹತ್ತುತ್ತಿದೆ. ನಿಧಾನ. ಅವನು ಇಷ್ಟು ನಿಧಾನ ಓಡಿಸುವವನಲ್ಲ.

10.47

ಕೆಂಪು.

ನಿಂತಿತು. ಇಳಿಜಾರಿನ ನೆತ್ತಿಯಲ್ಲಿ. ಇಳಿಯುವುದಕ್ಕೆ ಮೊದಲೇ ನಿಂತಿತು. ದೇವರೇ. ಅಲ್ಲಾಡುತ್ತಿಲ್ಲ. ಇಳಿದುಬಿಡಿ ಎಲ್ಲರೂ. ಅವನನ್ನು ಯಾರೂ ಮಾತಾಡಿಸಬೇಡಿ.

10.48

ಇನ್ನೂ ಕೆಂಪು. ಇನ್ನೂ ಕೆಂಪು.

ಲೈನು ಸಿಕ್ಕಿತು! ಹುಡುಗಿ ಸ್ಪೀಕರ್ ಹಾಕಿಕೊಂಡು ಒಳಗೆ ಬಂದಳು. "ಡ್ರೈವರ್ ಹೇಗಿದಾರೆ? ಹುಷಾರಾಗಿದಾರಾ?" ಗಾಬರಿಯಲ್ಲಿ ಅವಳ ಬಾಯಿಗೆ ಬಂದದ್ದು ಅದೇ. ಬೇಡ, ಅವನನ್ನು ಏನೂ ಕೇಳಬೇಡಿ ಎಂದು ಕೂಗಿದೆ. ಅವಳಿಗೂ ಹೊಳೆಯಿತು, ಬಾಯಿಗೆ ಕೈ ಹೋಯಿತು. ಅಷ್ಟರಲ್ಲಿ ಸೀಟಿಯ ದನಿ — "ಇರಿ ಮೇಡಂ, ಕೇಳ್ತೀನಿ... ಏನಣ್ಣಾ, ಏನಾಯ್ತು?"

10.49

ಹಸಿರು